ಬಳೆಯೂರಿನಲ್ಲಿ ಹೋಗುವವರು ಯಾರು

ಒಂದು ಮಾತು ಹುಟ್ಟಿತು. ಹುಟ್ಟಿದ್ದು ಪಟ್ಟಪಗಲಲ್ಲಿ, ಜನರ ನಡುವೆ, ಕಿಟಕಿಗಳೆಲ್ಲ ತೆರೆದಿದ್ದ ಕೋಣೆಯಲ್ಲಿ. ಆದರೂ ಅದರ ಒಡೆಯ ಯಾರೆಂದು ತಿಳಿಯಲಿಲ್ಲ. "ಹೋಗ್ಬೇಡ" ಎಂಬ ಅಷ್ಟು ಪುಟ್ಟ ಮಾತು.

ಕೇಳಿಸಿಕೊಂಡವಳು ನಕ್ಷೆಯವಳು. ಹೇಳಿದ ಬಾಯಿ ಲಾಯರನದು. ಬಾಯಿ ಯಾರದೆಂಬ ಬಗ್ಗೆ ಅವಳಿಗೆ ಅನುಮಾನವಿರಲಿಲ್ಲ. ಆ ಹೊತ್ತಿಗೆ ಆ ಬಾಯಿಯೊಳಗೆ ಕೂತಿದ್ದವನು ಯಾರು ಎಂಬುದೇ ತೊಡಕು.

ತೊಡಕು ಅರ್ಥವಾಗಬೇಕಾದರೆ ಅವರ ಕಸುಬು ತಿಳಿಯಬೇಕು. ಕನ್ನಡಕದ ಅಂಗಡಿಯ ಮೇಲಿನ ಮಹಡಿಯಲ್ಲಿ ಕೂತು ಅವರು ಲೋಕಗಳನ್ನು ಮಾಡುತ್ತಿದ್ದರು. ನಿಜವಾದ ಲೋಕ ಮಾಡಿದವನು ಒಬ್ಬನೇ, ಅವನು ಮಾಡಿ ಸುಮ್ಮನಾಗಿದ್ದಾನೆ. ಇವರದು ಆಟದ ಲೋಕ. ಟೇಬಲ್ಲಿನ ಸುತ್ತ ಕೂತು, ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ದಾಳ ಉರುಳಿಸುತ್ತ ಮಾತಿನಲ್ಲೇ ಕಥೆ ನಡೆಸುವ ರೋಲ್‌ಪ್ಲೇ ಆಟಗಳುಂಟಲ್ಲ, ಅವಕ್ಕೆ ನಿಲ್ಲಲು ನೆಲ ಬೇಕು, ಉಸಿರಾಡಲು ಗಾಳಿ ಬೇಕು, ಜಗಳಕ್ಕೊಂದು ಕಾರಣ ಬೇಕು. ಅದನ್ನೆಲ್ಲ ಕಟ್ಟಿ, ಅಚ್ಚು ಹಾಕಿಸಿ, ಪೆಟ್ಟಿಗೆಯಲ್ಲಿಟ್ಟು ಮಾರುವುದು ದೊಡ್ಡಕ್ಕನ ವ್ಯಾಪಾರ. ಅವಳ ಕೈಕೆಳಗೆ ನಕ್ಷೆ ಬರೆಯುವವಳು ನಕ್ಷೆಯವಳು. ನಿಯಮ ಬರೆಯುವವನು ಕೋರ್ಟಿನ ಮೆಟ್ಟಿಲು ಕಂಡವನಲ್ಲ, ಆದರೆ ಕೂದಲು ಸೀಳಿ ವಾದ ಮಾಡುತ್ತಿದ್ದುದರಿಂದ ಅವನಿಗೆ ಲಾಯರ್ ಎಂದೇ ಹೆಸರು ಬಿದ್ದಿತ್ತು.

ಈ ಸಲ ಅವರು ಕೈಗೆತ್ತಿಕೊಂಡದ್ದು ಬಳೆಯೂರು. ಒಂದು ದೊಡ್ಡ ಗ್ರಹ. ಅದಕ್ಕೆ ಬಳೆ ತೊಡಿಸಿದ ಹಾಗೆ ಸುತ್ತಲೂ ಲೆಕ್ಕವಿಲ್ಲದಷ್ಟು ಕಲ್ಲುಗಳು. ಒಂದೊಂದು ಕಲ್ಲಿನ ಮೇಲೆ ಒಂದೊಂದು ಕೇರಿ, ಗಾಜಿನ ಗುಮ್ಮಟದೊಳಗೆ ಮನೆ, ತೋಟ, ಬಾವಿ. ಗ್ರಹಕ್ಕೆ ಹತ್ತಿರವಿರುವ ಕಲ್ಲು ಬೇಗ ಸುತ್ತುತ್ತದೆ, ದೂರದ್ದು ನಿಧಾನ. ಹೀಗಾಗಿ ಒಳಗಲ್ಲು ಹಿಂದಿನಿಂದ ಬಂದು ಹೊರಗಲ್ಲನ್ನು ಹಿಡಿಯುತ್ತದೆ, ತುಸು ಹೊತ್ತು ಪಕ್ಕದಲ್ಲಿರುತ್ತದೆ, ದಾಟಿ ಸಾಗುತ್ತದೆ. ಇವತ್ತಿನ ಪಕ್ಕದ ಮನೆಯವರು ಮತ್ತೆ ಪಕ್ಕಕ್ಕೆ ಬರುವ ಹೊತ್ತಿಗೆ ತೊಟ್ಟಿಲ ಕೂಸು ಓಡಾಡುತ್ತಿರುತ್ತದೆ. ಹಾಯುವ ಆ ತುಸು ಹೊತ್ತಿನಲ್ಲೇ ಹಗ್ಗ ಎಸೆದು ಎಲ್ಲ ಮುಗಿಸಿಕೊಳ್ಳಬೇಕು. ನೀರು ಕೊಡುವುದು, ಹಳೇ ಜಗಳ ತೀರಿಸುವುದು, ಹೆಣ್ಣು ಗಂಡಿನ ಮಾತು, ಎಲ್ಲ. ಹೊತ್ತು ಮೀರಿಯೂ ಹಗ್ಗ ಬಿಡದಿದ್ದರೆ ಎರಡು ಕಲ್ಲೂ ಸೀಳಿಹೋಗುತ್ತವೆ.

ಕಲ್ಲುಗಳ ಈ ಓಟ ಲಾಯರನ ತಲೆಯಿಂದ ಬಂದದ್ದು. ಅದನ್ನು ಕೇಳಿ, ಪೆನ್ಸಿಲ್ ಕಚ್ಚಿಕೊಂಡು, "ಇದು ಬಳೆ ಅಲ್ವಾ" ಎಂದವಳು ನಕ್ಷೆಯವಳು. ಆಗ ಅವನು ಅವಳನ್ನು ನೋಡಿದ್ದ. ಅವನು ನೋಡುವ ರೀತಿಯೇ ಹಾಗೆ, ಮೊದಲು ಕಾಗದ, ಆಮೇಲೆ ಅವಳ ಬೆರಳು, ಆಮೇಲೆ ಮುಖ, ಮೆಟ್ಟಿಲು ಹತ್ತಿ ಬಂದ ಹಾಗೆ. ಮೇಲೆ ತಲುಪಿದ ಕೂಡಲೇ ಏನೋ ಮರೆತವನಂತೆ ಇಳಿದುಬಿಡುತ್ತಿದ್ದ.

ದೊಡ್ಡಕ್ಕನ ಟೇಬಲ್ಲಿಗೆ ಒಂದು ಕಟ್ಟುಪಾಡಿತ್ತು. ಆಟವನ್ನು ಪರೀಕ್ಷಿಸಿ ನೋಡುವಾಗ ನಡುವೆ ಮರಳು ಗಡಿಯಾರ ಇಡಬೇಕು. ಮರಳು ಬೀಳುತ್ತಿರುವಷ್ಟು ಹೊತ್ತು ಎಲ್ಲರೂ ಪಾತ್ರಗಳು, ಮಾತೆಲ್ಲ ನೀನು, ತಾನು, ಬಾರೋ, ಹೋಗೇ. ಮರಳು ನಿಂತಿತೋ, ಮತ್ತೆ ಮನುಷ್ಯರು, ಮತ್ತೆ ನೀವು. ಹಿಂದೊಮ್ಮೆ ಯಾರೋ ಪಾತ್ರವಾಗಿ ಇನ್ನೊಬ್ಬನನ್ನು ಕಳ್ಳ ಎಂದಿದ್ದನಂತೆ. ಪಾತ್ರ ತಿಂದ ಬೈಗುಳವನ್ನು ಮನುಷ್ಯ ಮನೆಗೆ ಹೊತ್ತುಕೊಂಡು ಹೋಗಿ, ಮರುದಿನ ಕೆಲಸಕ್ಕೇ ಬರಲಿಲ್ಲ. ಅಂದಿನಿಂದ ಈ ಕಟ್ಟುಪಾಡು.

ಆ ಮಾತು ಹುಟ್ಟಿದ ದಿನ ಲಾಯರ್ ಒಳಗಲ್ಲಿನ ಬಾವಿಯವನಾಗಿದ್ದ, ನಕ್ಷೆಯವಳು ಹೊರಗಲ್ಲಿನಲ್ಲಿ ಹಗ್ಗ ಎಸೆಯುವವಳಾಗಿದ್ದಳು. ದೊಡ್ಡಕ್ಕ ಎರಡೂ ಕೇರಿಯ ಹಿರಿಯರಾಗಿ ಎರಡು ದನಿಯಲ್ಲಿ ಮಾತಾಡುತ್ತಿದ್ದಳು. ಮರಳು ಮುಗಿಯುತ್ತ ಬಂತು. ಹಿರಿಯರು ಹಗ್ಗ ಬಿಡಿ ಎಂದರು. ನಕ್ಷೆಯವಳು ಬಿಟ್ಟೆ ಎಂದು ಹೇಳಿ, ಎದ್ದು, ಟೇಬಲ್ಲಿನ ಮೇಲಿದ್ದ ನಕ್ಷೆಯ ತುದಿ ಹಿಡಿದು ಸುತ್ತತೊಡಗಿದಳು. ನಕ್ಷೆಯ ಇನ್ನೊಂದು ತುದಿ ಅವನ ಮೊಣಕೈ ಕೆಳಗಿತ್ತು. ಅವನು ಕೈ ತೆಗೆಯಲಿಲ್ಲ.

"ಹೋಗ್ಬೇಡ" ಎಂದ, ಮೆಲ್ಲಗೆ.

ಅವಳು ಗಡಿಯಾರದ ಕಡೆ ನೋಡಿದಳು. ಮರಳು ನಿಂತಿತ್ತು. ಆದರೆ ನಿಂತದ್ದು ಮಾತಿಗೆ ಮುಂಚೆಯೋ, ಮಾತಾದ ಮೇಲೋ?

ಬೇರೆ ದಿನವಾಗಿದ್ದರೆ ನಕ್ಕು ಬಿಡಬಹುದಿತ್ತು. ಆದರೆ ಅದೇ ಬೆಳಿಗ್ಗೆ ಅವಳು ದೊಡ್ಡಕ್ಕನ ಕೋಣೆಗೆ ಹೋಗಿ ವಿಷಯ ತಿಳಿಸಿದ್ದಳು. ದೂರದ ದೊಡ್ಡ ಊರಿನ ಒಂದು ಕಂಪನಿ ಅವಳನ್ನು ಕೆಲಸಕ್ಕೆ ಕರೆದಿತ್ತು, ಶುಕ್ರವಾರದೊಳಗೆ ಉತ್ತರ ಕೊಡಬೇಕಿತ್ತು. ಆ ಕೆಲಸದ ಮೇಲೆ ಅವಳಿಗೇನೂ ಆಸೆಯಿರಲಿಲ್ಲ. ಅಲ್ಲಿ ನಕ್ಷೆಯವರ ಸಾಲಿನಲ್ಲಿ ಇವಳೂ ಒಬ್ಬಳು, ಯಾರೋ ಕಟ್ಟಿದ ಲೋಕಕ್ಕೆ ಗಡಿ ಎಳೆಯುವವಳು. ಹೋಗಬೇಕೆಂದುಕೊಂಡದ್ದು ಬೇರೆ ಕಾರಣಕ್ಕೆ. ಒಬ್ಬ ಮನುಷ್ಯ ದಿನಾ ಎದುರಿಗೆ ಕೂತು, ದಿನಾ ಮೆಟ್ಟಿಲು ಹತ್ತಿ, ದಿನಾ ಇಳಿದುಹೋದರೆ ಎಷ್ಟು ಅಂತ ತಡೆದುಕೊಳ್ಳುವುದು? ಅವನ ಮನಸ್ಸಿನಲ್ಲಿ ಏನೂ ಇಲ್ಲವೆಂದಾದರೆ ದೂರ ಹೋಗುವುದೇ ನೆಮ್ಮದಿ. ಇದೆಯೆಂದಾದರೆ ಆ ಕಂಪನಿ ಬೇಡವೇ ಬೇಡ. ಈಗ ಈ ಒಂದು ಮಾತು ಯಾರದೆಂದು ತಿಳಿದರೆ ಸಾಕಿತ್ತು.

ಮರುದಿನ ಇನ್ನೊಂದು ಗೋಜಲು. ಅವನು ಅವಳನ್ನು ನೀವು ಎನ್ನುವುದನ್ನು ಬಿಟ್ಟುಬಿಟ್ಟ. ಹಾಗೆಂದು ನೀನು ಎನ್ನಲೂ ಇಲ್ಲ. ಬಂದವನೇ "ಚಹಾ ಆಯ್ತಾ?" ಎಂದು ಕೇಳಿದ. ಆಮೇಲೆ "ಈ ಗೆರೆ ಸ್ವಲ್ಪ ದಪ್ಪ ಆಗ್ಬೇಕಲ್ವಾ" ಎಂದ. ಮಧ್ಯಾಹ್ನ "ಊಟಕ್ಕೆ ಏಳೋದಾ?" ಎಂದ. ನಮ್ಮ ಭಾಷೆಯಲ್ಲಿ ಹೀಗೊಂದು ಕಳ್ಳದಾರಿಯಿದೆ. ಮರ್ಯಾದೆಯ ಹೆಬ್ಬಾಗಿಲಿಗೂ ಹೋಗದೆ ಸಲಿಗೆಯ ಹಿತ್ತಿಲಿಗೂ ಹೋಗದೆ, ಗೋಡೆ ಸವರಿಕೊಂಡು ದಿನವಿಡೀ ನಡೆದಾಡಬಹುದು. ಅವನು ಹಾಗೆ ನಡೆದಾಡಿದ, ಅದರ ಮರುದಿನವೂ.

ದೊಡ್ಡಕ್ಕ ಕನ್ನಡಕ ಮೂಗಿಗೆ ಇಳಿಸಿ ನೋಡಿದಳು. "ಇವನಿಗೇನಾಗಿದೆಯೇ? ಎರಡು ದಿನದಿಂದ ಗಾಳಿ ಜೊತೆ ಮಾತಾಡ್ತಿದ್ದಾನೆ."

ತನಗೇನು ಗೊತ್ತು ಎಂದಳು ನಕ್ಷೆಯವಳು. ಗೊತ್ತಿಲ್ಲವೆಂಬುದು ನಿಜವೇ ಆಗಿತ್ತು. ಆದರೆ ಕಿವಿ ಯಾಕೆ ಕೆಂಪಗಾಯಿತೋ, ಅದೂ ಗೊತ್ತಿರಲಿಲ್ಲ.

ಮನೆಯಲ್ಲಿ ಅಜ್ಜಿ ಇದ್ದಳು. ಸಂಜೆಯ ಪ್ರಾರ್ಥನೆ ಮುಗಿಸಿ, ಕಾಲು ಚಾಚಿ ಕೂತಿದ್ದ ಅಜ್ಜಿಯ ಮುಂದೆ ನಕ್ಷೆಯವಳು ಇದನ್ನೆಲ್ಲ ಆಟದ ಕಥೆಯೆಂದೇ ಹೇಳಿದಳು. ಒಬ್ಬ ಬಾವಿಯವನು, ಒಬ್ಬಳು ಹಗ್ಗದವಳು, ಒಡೆಯನಿಲ್ಲದ ಒಂದು ಮಾತು. ಅಜ್ಜಿ ಕಣ್ಣು ಮುಚ್ಚಿಯೇ ಕೇಳಿದಳು. ಕಥೆ ಯಾರದೆಂದು ಕೇಳುವಷ್ಟು ದಡ್ಡಿಯಲ್ಲ ಅವಳು.

"ನಿಮ್ಮಜ್ಜ ನನ್ನ ಹೆಸರು ಹಿಡಿದು ಕರೆದಿದ್ದೇ ಇಲ್ಲ" ಎಂದಳು. "'ಇಲ್ನೋಡು' ಅಂದ್ರೆ ಅದು ನಾನು. ಹೊಸದಾಗಿ ಮದುವೆಯಾಗಿ ಬಂದಾಗ ಒಂದಿನ ಹೊರಗಿಂದ ಇಲ್ನೋಡು, ಇಲ್ನೋಡು ಅಂತ ಎಷ್ಟು ಅಕ್ಕರೆಯಿಂದ ಕರೀತಾ ಇದ್ರು ಅಂತೀಯ. ಕೈ ಒರೆಸ್ಕೊಂಡು ಓಡಿ ಹೋದೆ. ನೋಡಿದ್ರೆ, ಕರೀತಾ ಇದ್ದಿದ್ದು ಬೆಕ್ಕನ್ನ."

"ಆಮೇಲೆ?"

"ಆಮೇಲೇನು. ಬೆಕ್ಕು ಬರ್ಲಿಲ್ಲ, ನಾನು ಬಂದಿದ್ದೆ. ಇಬ್ರೂ ಕೂತು ಮಾತಾಡಿದ್ವಿ." ಅಜ್ಜಿ ಕಣ್ಣು ತೆರೆದಳು. "ಮಾತು ಕೊಟ್ಟವನು ದೇವರು. ಅದು ಎಲ್ಲಿಗೆ ಹೋಗಿ ಮುಟ್ಟಬೇಕು ಅನ್ನೋದೂ ಅವನಿಗೆ ಗೊತ್ತು. ಹೊರಡೋವಾಗ ಯಾರ ಹೆಸರಲ್ಲಿ ಹೊರಟ್ರೇನು."

ಆ ಮಾತು ಅವಳಿಗೆ ಹಿತವಾಯಿತು, ಆದರೆ ಉಪಯೋಗಕ್ಕೆ ಬರಲಿಲ್ಲ. ಅಜ್ಜಿಗೆ ಬೆಕ್ಕಿನ ಜೊತೆ ಪೈಪೋಟಿ, ಮದುವೆಯೂ ಆಗಿಹೋಗಿತ್ತು. ತನ್ನ ಪೈಪೋಟಿ ತಾನೇ ಆಡಿದ ಪಾತ್ರದ ಜೊತೆ. ಹಗ್ಗದವಳಿಗೆ ಹೇಳಿದ ಮಾತನ್ನು ತಾನು ಕದ್ದು ತಂದಿದ್ದರೆ?

ಶುಕ್ರವಾರ ಬಂದೇ ಬಂತು. ಸಂಜೆಯೊಳಗೆ ಉತ್ತರ ಹೋಗಬೇಕು. ಅವಳು ಬಳೆಯೂರಿನ ಕೊನೆಯ ಹಾಳೆಗೆ ಶಾಯಿ ಹಾಕುತ್ತ ಕೂತಳು. ಒಂದೊಂದು ಕಲ್ಲಿಗೂ ಅದರ ವೇಗ ತೋರಿಸುವ ಬಾಣ ಎಳೆಯಬೇಕು, ಒಳಗಲ್ಲಿಗೆ ಉದ್ದದ ಬಾಣ, ಹೊರಗಲ್ಲಿಗೆ ಮೋಟು ಬಾಣ. ಎಳೆಯುತ್ತ ಎಳೆಯುತ್ತ ಕೈ ನಿಂತಿತು.

ದಾಟಿ ಹೋಗುವುದು ಒಳಗಲ್ಲು. ಹೊರಗಲ್ಲು ಹಿಂದೆ ಉಳಿಯುತ್ತದೆ. ಬಾವಿಯವನು ಇದ್ದದ್ದು ಒಳಗಲ್ಲಿನಲ್ಲಿ, ಅಂದರೆ ಹೋಗುವವನು ಅವನೇ. ಹೋಗುವವನು ಉಳಿಯುವವಳಿಗೆ ಹೋಗಬೇಡ ಎನ್ನುವುದುಂಟೇ? ಬಾವಿಯವನ ಬಾಯಲ್ಲಿ ಆ ಮಾತು ಬರುವ ಹಾಗೇ ಇಲ್ಲ. ಹಾಗಾದರೆ ಅದು ಬೇರೆಯವನ ಮಾತು.

ಎದೆಯೊಳಗೆ ಯಾರೋ ಕಿಟಕಿ ತೆರೆದ ಹಾಗಾಯಿತು. ಶಾಯಿ ಆರದ ಹಾಳೆಯನ್ನು ಎರಡೂ ಕೈಯಲ್ಲಿ ಎತ್ತಿ ಹಿಡಿದುಕೊಂಡೇ ಅವಳು ಹಿಂದಿನ ಕೋಣೆಗೆ ನಡೆದಳು. ಅಲ್ಲಿ ಅವನು ಕತ್ತರಿಯಂತ್ರದ ಮುಂದೆ ನಿಂತು ಆಟದ ಕಾರ್ಡುಗಳನ್ನು ಕತ್ತರಿಸುತ್ತಿದ್ದ. ಅಂಗಿಯ ತುಂಬ ಕಾಗದದ ಚೂರು, ಹುಬ್ಬಿನ ಮೇಲೂ ಒಂದು.

ಅವಳು ಪೀಠಿಕೆ ಹಾಕಲಿಲ್ಲ. ಬಾಣಗಳನ್ನು ತೋರಿಸಿದಳು, ವಾದವನ್ನು ಮೊದಲಿಂದ ಕೊನೆಯವರೆಗೆ ಒಂದೇ ಉಸಿರಿಗೆ ಹೇಳಿದಳು. ಕೊನೆಗೆ, "ಅದಕ್ಕೇ, ಆವತ್ತು ಹೇಳಿದ್ದು ಬಾವಿಯವನಲ್ಲ" ಎಂದಳು.

ಅವನು ಬಾಣಗಳನ್ನು ನೋಡಿದ. ಅವಳ ಬೆರಳುಗಳನ್ನು ನೋಡಿದ. ಆಮೇಲೆ, ಹುಟ್ಟುಗುಣ ಸುಟ್ಟರೂ ಹೋಗದಲ್ಲ, ವಾದಕ್ಕೆ ನಿಂತ.

"ಇದು ಮೇಲಿಂದ ನೋಡಿದ ನಕ್ಷೆ. ಕಲ್ಲಿನ ಮೇಲೆ ನಿಂತವನಿಗೆ ತನ್ನ ಕಲ್ಲು ಓಡ್ತಿದೆ ಅಂತ ಗೊತ್ತಾಗಲ್ಲ. ತಾನು ನಿಂತೇ ಇದ್ದೀನಿ, ಎದುರಿನದೇ ಹಿಂದಕ್ಕೆ ಹೋಗ್ತಿದೆ ಅನ್ಸುತ್ತೆ. ರೈಲಲ್ಲಿ ಕೂತಾಗ ಅನ್ಸಲ್ವಾ, ಹಾಗೆ. ಬಾವಿಯವನ ಕಣ್ಣಿಗೆ ಹೋಗ್ತಾ ಇರೋದು ಹಗ್ಗದವಳೇ. ಅವನು ಹೋಗ್ಬೇಡ ಅನ್ನಬಹುದು. ನಿಯಮದಲ್ಲಿ ತಪ್ಪಿಲ್ಲ."

ಅವಳು ಹಾಳೆಯನ್ನು ಕೆಳಗಿಳಿಸಿದಳು. ವಾದ ಸರಿಯಾಗಿತ್ತು, ಒಂದು ಕೂದಲೆಳೆಯೂ ಆಚೀಚೆ ಇರಲಿಲ್ಲ. ಸರಿಯಾದ ಮಾತು ಇಷ್ಟು ತಣ್ಣಗಿರುತ್ತದೆಂದು ಅವಳಿಗೆ ಗೊತ್ತಿರಲಿಲ್ಲ.

"ಹಾಗಾದ್ರೆ ಬಾವಿಯವನೇ ಹೇಳಿದ್ದು."

"ಹಾಗಂತ ನಾನು ಹೇಳ್ಲಿಲ್ಲ."

"ಮತ್ತೆ ಯಾರು ಹೇಳಿದ್ದು?"

ಅವನು ಕತ್ತರಿಯಂತ್ರದ ಹಿಡಿಯನ್ನು ಎತ್ತಿದ, ಇಳಿಸಿದ, ಎತ್ತಿದ. ಅದರ ಬಾಯಲ್ಲಿ ಕಾಗದವೇ ಇರಲಿಲ್ಲ.

"ನನಗೂ ಗೊತ್ತಿಲ್ಲ" ಎಂದ. "ಸುಳ್ಳು ಯಾಕೆ ಹೇಳ್ಲಿ. ಆವತ್ತು ಬೆಳಿಗ್ಗೆ ದೊಡ್ಡಕ್ಕನ ಬಾಗಿಲು ಅರ್ಧ ತೆರೆದಿತ್ತು, ಕೆಲಸದ ಸುದ್ದಿ ಕಿವಿಗೆ ಬಿತ್ತು. ದಿನವಿಡೀ ತಲೆಯಲ್ಲಿ ಅದೇ. ಆಟ ಆಡುವಾಗ ಬಾಯಿಂದ ಅದು ಬಿತ್ತು. ಬಿದ್ದ ಮೇಲೆ ನಾನೂ ಹುಡುಕ್ತಾ ಇದ್ದೀನಿ, ಅವನದೋ ನನ್ನದೋ ಅಂತ. ಮಾರನೇ ದಿನ ನೀವು ಅನ್ನೋಣ ಅಂತ ಬಾಯಿ ತೆರೆದೆ. ನೀವು ಅಂದ್ರೆ ಆ ಮಾತನ್ನ ವಾಪಸ್ ತಗೊಂಡ ಹಾಗಾಗುತ್ತೆ ಅನ್ನಿಸ್ತು. ವಾಪಸ್ ತಗೊಳ್ಳೋಕೆ ಮನಸ್ಸಾಗ್ಲಿಲ್ಲ. ನೀನು ಅನ್ನೋಕೆ ನನಗೇನು ಹಕ್ಕಿದೆ? ಅದಕ್ಕೇ..."

"ಗಾಳಿ ಜೊತೆ ಮಾತು."

"ಹೂಂ."

ನಗು ಬರಬೇಕೋ ಅಳು ಬರಬೇಕೋ ಅವಳಿಗೆ ತೋಚಲಿಲ್ಲ. ಎರಡೂ ಒಟ್ಟಿಗೆ ಬಾಗಿಲಿಗೆ ಬಂದು ನೀ ಮುಂದೆ ತಾ ಮುಂದೆ ಎಂದು ಸಿಕ್ಕಿಹಾಕಿಕೊಂಡವು. ಹಾಳೆಯನ್ನು ಬೆಂಚಿನ ಮೇಲಿಟ್ಟಳು. ಕೈ ಖಾಲಿಯಾಯಿತು.

"ಸಂಜೆಗೆ ನಾನು ಅವರಿಗೆ ಉತ್ತರ ಕಳಿಸ್ಬೇಕು" ಎಂದಳು. "ಹಳೇ ಮಾತು ಯಾರದೋ ಆಗಿರ್ಲಿ, ಬಿಡಿ. ಇಲ್ಲಿ ದಾಳ ಇಲ್ಲ, ಮರಳಿಲ್ಲ, ಬಾವಿಯವನೂ ಇಲ್ಲ. ಏನಾದ್ರೂ ಹೇಳೋದಿದ್ರೆ ಈಗ ಹೇಳಿ."

ಅವನು ಅವಳ ಮುಖ ನೋಡಿದ. ಈ ಸಲ ನೇರವಾಗಿ ಮುಖವನ್ನೇ ನೋಡಿದ, ಇಳಿದು ಹೋಗಲಿಲ್ಲ. ಅವಳ ಮನಸ್ಸು ಆ ಒಂದು ಏಕವಚನಕ್ಕೆ ಕಾದು ಕೂತಿತ್ತು, ವಾರವಿಡೀ ಅದರ ಸದ್ದನ್ನೇ ಕಿವಿಯಲ್ಲಿಟ್ಟುಕೊಂಡು ಮಲಗಿತ್ತು.

"ಹೋಗಬೇಡಿ" ಎಂದ ಅವನು.

ಒಂದು ಗಳಿಗೆ ಅವಳಿಗೆ ತಪ್ಪಾಗಿ ಕೇಳಿತೇನೋ ಅನ್ನಿಸಿತು. ಇಷ್ಟು ದೂರದಿಂದ, ಇಷ್ಟು ಮರ್ಯಾದೆಯಿಂದ, ಬ್ಯಾಂಕಿನ ಸಾಲಿನಲ್ಲಿ ಮುಂದೆ ನಿಂತವರಿಗೆ ಹೇಳಿದ ಹಾಗೆ. ಆಮೇಲೆ ಮೆಲ್ಲಗೆ, ನೀರು ಬೇರಿಗಿಳಿದ ಹಾಗೆ, ಅರ್ಥ ಇಳಿಯಿತು. ಪಾತ್ರಗಳು ನೀನು ಅನ್ನುತ್ತವೆ. ನೀವು ಅನ್ನುವವನು ಮನುಷ್ಯ. ಈ ಮಾತಿಗೆ ಬೇರೆ ಒಡೆಯನಿಲ್ಲ.

ಅವನೋ, ಅವಳು ಸುಮ್ಮನಿದ್ದುದಕ್ಕೆ ಹೆದರಿ ಮಾತಿನ ಮೇಲೆ ಮಾತು ಪೇರಿಸುತ್ತಿದ್ದ. ತಡೆಯುವ ಅಧಿಕಾರ ತನಗಿಲ್ಲ, ಹೋಗಲೇಬೇಕೆಂದಿದ್ದರೆ ತಾನೂ ಆ ಊರಿಗೇ ಬಂದು ಕೆಲಸ ಹುಡುಕಬಹುದು, ನಿಯಮ ಬರೆಯುವುದಕ್ಕೆ ಯಾವ ಊರಾದರೇನು, ಇಷ್ಟವಿಲ್ಲದಿದ್ದರೆ ಇದನ್ನೆಲ್ಲ ಮರೆತುಬಿಡಬಹುದು, ತಾನೇನೂ ತಿಳಿದುಕೊಳ್ಳುವುದಿಲ್ಲ ಎಂದೆಲ್ಲ ಹೇಳುತ್ತಲೇ ಹೋದ.

ಅವಳು ಕೈ ಚಾಚಿ ಅವನ ಹುಬ್ಬಿನ ಮೇಲಿದ್ದ ಕಾಗದದ ಚೂರನ್ನು ತೆಗೆದಳು. ಮಾತು ಅಲ್ಲಿಗೇ ತುಂಡಾಯಿತು.

"ಇರ್ತೀನಿ ಕಣೋ" ಎಂದಳು.

ಲಾಯರ್ ಎಂದು ಹೆಸರಾದವನು ಈ ಸಲ ವಾದಕ್ಕೆ ನಿಲ್ಲಲಿಲ್ಲ. ಕಿವಿಯ ತುದಿಯವರೆಗೂ ಕೆಂಪಾಗಿ, "ಆಗ್ಲಿ ರೀ" ಎಂದ.

ಅವಳು ನಕ್ಕುಬಿಟ್ಟಳು. ಅವಳು ನೀನು ಎನ್ನುವುದು, ಅವನು ನೀವು ಎನ್ನುವುದು, ಇನ್ನು ಎಷ್ಟು ಕಾಲ ಹೀಗೆ ಎಡಬಲ ತಪ್ಪುತ್ತ ನಡೆಯಬೇಕೋ ಯಾರಿಗೆ ಗೊತ್ತು. ಮುಂದಿನ ಕೋಣೆಯಿಂದ ದೊಡ್ಡಕ್ಕ, ಕಾರ್ಡು ಕತ್ತರಿಸೋ ಸದ್ದು ನಿಂತು ಯುಗವಾಯ್ತು, ಒಳಗೆ ಏನು ನಡೀತಿದೆ ಎಂದು ಕೂಗಿ ಕೇಳಿದಳು.

ಇಬ್ಬರೂ ಒಬ್ಬರನ್ನೊಬ್ಬರು ನೋಡಿಕೊಂಡರು. ಏನು ನಡೆಯುತ್ತಿದೆಯೆಂದು ಸರಿಯಾಗಿ ಇಬ್ಬರಿಗೂ ತಿಳಿದಿರಲಿಲ್ಲ. "ಬಂದ್ವಿ ಅಕ್ಕಾ" ಎಂದರು, ಒಟ್ಟಿಗೆ.