ಹಿಂದಕ್ಕೆ ಎಳೆದ ಹಿಡಿಕೆ

ನಂಬಿದರೆ ನಂಬಿ, ಬಿಟ್ಟರೆ ಬಿಡಿ. ವಿಮಾನ ಅಪಘಾತಗಳ ತನಿಖೆ ನನ್ನ ಕೆಲಸ. ಕಂಡದ್ದನ್ನು ಬರೆದು ಸಂಬಳ ತೆಗೆದುಕೊಳ್ಳುವವನು ನಾನು.

ಆ ಪುಟ್ಟ ವಿಮಾನ ನೆಟ್ಟಗೆ ನೆಲಕ್ಕೆ ಬಿದ್ದಿತ್ತು. ಒಳಗಿದ್ದವನು ಪೈಲಟ್ ಒಬ್ಬನೇ, ಅವನು ಅಲ್ಲೇ ಸತ್ತಿದ್ದ. ಅವನ ಹೆಂಡತಿ ನನ್ನನ್ನು ಕೇಳಿದ್ದು ಇಷ್ಟೇ: "ತಿಂಗಳುಗಟ್ಟಲೆ ನಿದ್ದೆ ಇರ್ಲಿಲ್ಲ ಅವರಿಗೆ. ಡಾಕ್ಟ್ರಿಗೆ ಹೇಳಿದ್ರೆ ಲೈಸೆನ್ಸ್ ಕಿತ್ಕೋತಾರೆ ಅಂತ ಬಾಯೇ ಬಿಡ್ಲಿಲ್ಲ. ಬೇಕಂತ್ಲೇ ಬೀಳಿಸಿದ್ರಾ, ಕೊನೇಲಾದ್ರೂ ಮೇಲಕ್ಕೆ ಎಳೆದ್ರಾ? ಅಷ್ಟು ಹೇಳಿ ಸಾಕು."

ವಿಮಾನ ಮೇಲೇಳಬೇಕಾದರೆ ಪೈಲಟ್ ಎದುರಿನ ಹಿಡಿಕೆಯನ್ನು ಎದೆಯ ಕಡೆಗೆ ಎಳೆಯಬೇಕು; ಮುಂದಕ್ಕೆ ತಳ್ಳಿದರೆ ಮೂತಿ ನೆಲದ ಕಡೆಗೆ ತಿರುಗುತ್ತದೆ. ಸ್ಥಳದಲ್ಲಿ ತೆಗೆದ ಫೋಟೋದಲ್ಲಿ ಅದು ಪೂರ್ತಿ ಮುಂದಕ್ಕಿತ್ತು. ಅವಶೇಷ ನಮ್ಮ ತನಿಖೆಯ ಶೆಡ್ಡಿಗೆ ಬಂದ ಮೇಲೆ ನೋಡಿದರೆ ಹಿಂದಕ್ಕೆ ಬಂದು ಸೀಟಿಗೆ ತಾಗಿತ್ತು. ಸಾಗಿಸುವಾಗ ಜರುಗಿರಬೇಕೆಂದು ಮುಂದಕ್ಕೆ ತಳ್ಳಿ, ಬಾಗಿಲಿಗೆ ಬೀಗ ಹಾಕಿ ಊಟಕ್ಕೆ ಹೋದೆ. ಬಂದು ನೋಡಿದರೆ ಮತ್ತೆ ಹಿಂದಕ್ಕೆ. ಮುಟ್ಟಿದೆ. ಯಾರೋ ಆಗಷ್ಟೇ ಕೈಬಿಟ್ಟ ಹಾಗೆ ಬೆಚ್ಚಗಿತ್ತು, ಬೆವರಿನಿಂದ ಅಂಟುತ್ತಿತ್ತು.

ನಮ್ಮ ಸಾಹೇಬರಿಗೆ ಹೇಳಿದೆ. "ದೆವ್ವದ ಸಾಕ್ಷಿ ಇಟ್ಕೊಂಡು ನಾನೇನ್ರೀ ಮಾಡ್ಲಿ? ಫೋಟೋದಲ್ಲಿ ಇರೋದನ್ನ ಬರೀರಿ," ಅಂದರು. ಪೈಲಟ್ ಬೇಕೆಂದೇ ಬೀಳಿಸಿದ ಎಂದು ಬರೆದೆ. ನಿದ್ದೆಯಿಲ್ಲ ಎಂದವನ ಅನ್ನ ಕಿತ್ತುಕೊಳ್ಳುವ ನಿಯಮದ ಬಗ್ಗೆ ಒಂದು ಸಾಲೂ ಇಲ್ಲ. ಸತ್ತವನು ಎದುರು ಮಾತಾಡುವುದಿಲ್ಲ. ಅವನ ತಲೆಗೆ ಕಟ್ಟಿದರೆ ಫೈಲು ಮುಚ್ಚುತ್ತದೆ.

ಗುಜರಿಗೆ ಕಳಿಸುವ ಮುನ್ನ ಹಿಡಿಕೆಯನ್ನು ಮುಂದಕ್ಕೆ ತಳ್ಳಿ, ನೈಲಾನ್ ಹಗ್ಗದಿಂದ ನಾನೇ ಬಿಗಿದು ಕಟ್ಟಿದೆ. ಮರುದಿನ ಗುಜರಿಯವನು ಫೋನ್ ಮಾಡಿದ.

"ಸಾರ್, ಹಗ್ಗ ಕಿತ್ತೋಗಿದೆ. ರಕ್ತ ಹತ್ತಿದೆ, ಇನ್ನೂ ಹಸಿ ಇದೆ. ಯಾರ ಕೈ ಕುಯ್ತು?"

ನನ್ನ ಕೈ ನೋಡಿಕೊಂಡೆ. ಗಾಯವಿರಲಿಲ್ಲ. ಅಷ್ಟರಲ್ಲಿ ವರದಿಯ ಪ್ರತಿ ಪೈಲಟ್‌ನ ಹೆಂಡತಿಗೆ ತಲುಪಿಯಾಗಿತ್ತು.