ಬಿಳಿ ಲೈನಿಂಗ್

ಲೈನಿಂಗ್ ಬಟ್ಟೆ ಎಲ್ಲಿ ಹೋಯಿತು ಎಂದು ಭಾನು ಕೇಳಿದಾಗ ಪ್ರಸಾದ ಇಸ್ತ್ರಿಪೆಟ್ಟಿಗೆಗೆ ಇದ್ದಿಲು ತುಂಬುತ್ತಿದ್ದ. ಕೇಳಿಸಲೇ ಇಲ್ಲವೆಂಬಂತೆ ಇನ್ನಷ್ಟು ತುಂಬಿದ. ಪೆಟ್ಟಿಗೆಯ ಬಾಯಿ ಮುಚ್ಚಿದ ಮೇಲೆ, ತಾನು ನೋಡಿಲ್ಲ ಎಂದ.

ಭಾನುವಿಗೆ ಮೈಯೆಲ್ಲ ಉರಿಯಿತು. ಗುಂಡ್ಲುಪೇಟೆಯ ಆ ಬಾಡಿಗೆ ಮನೆಯೆಂದರೆ ಒಂದು ಕೋಣೆ, ಒಂದು ಅಡುಗೆಮೂಲೆ, ಬೀದಿಗೆ ತೆರೆದ ಒಂದು ಜಗಲಿ. ಜಗಲಿಯಲ್ಲಿ ಅವನ ಇಸ್ತ್ರಿ ಟೇಬಲ್ಲು, ಒಳಗೆ ಕಿಟಕಿಯ ಬಳಿ ಅವಳ ಹೊಲಿಗೆ ಮೆಷಿನ್ನು. ಸೂಜಿ ಬಿದ್ದರೂ ಯಾರದಾದರೂ ಕಾಲಿಗೆ ಚುಚ್ಚಿ ಸಿಕ್ಕೇ ಸಿಗುವಂಥ ಮನೆ. ಅಂಥದ್ದರಲ್ಲಿ ನೀರಿನಲ್ಲಿ ನೆನೆಸಿ, ನೆರಳಿನಲ್ಲಿ ಒಣಗಿಸಿ, ಮಡಿಸಿ ಮೆಷಿನ್ನಿನ ಪಕ್ಕ ಇಟ್ಟಿದ್ದ ಮೆತ್ತನೆಯ ಬಿಳಿ ಮಲ್ ಹತ್ತಿಬಟ್ಟೆಗೆ ರೆಕ್ಕೆ ಬಂತೇ? ಮತ್ತೆ ಕೇಳಿದಳು. ಇಲಿ ಎಳೆದುಕೊಂಡು ಹೋಗಿರಬೇಕು ಎಂದ. ಸುಳ್ಳು ಹೇಳಲು ಬಾರದವರು ಸುಳ್ಳು ಹೇಳಬಾರದು. ಅವನ ಕಿವಿಯ ತುದಿ ಕೆಂಪಾಗಿತ್ತು.

ಆ ಬೆಳಿಗ್ಗೆಯೇ ಅವಳು ಅವನಿಗೆ ಹೇಳಿಯಾಗಿತ್ತು. ನಾಗರತ್ನ ಮೇಡಂ ಡ್ರೆಸ್ ಹೊಲಿದುಕೊಟ್ಟ ಮೇಲೆ ತಾನು ಉಮ್ಮತ್ತೂರಿಗೆ, ಅವ್ವನ ಮನೆಗೆ ಹೋಗುತ್ತೇನೆ, ಮತ್ತೆ ಬರುವುದಿಲ್ಲ ಎಂದು. ಬೇಡ ಅನ್ನುತ್ತಾನೇನೋ ಎಂದು ಬಾಗಿಲ ಚೌಕಟ್ಟು ಹಿಡಿದುಕೊಂಡು ಸ್ವಲ್ಪ ಹೊತ್ತು ನಿಂತಿದ್ದಳು. ಅವನು ಯಾರದೋ ಪ್ಯಾಂಟಿನ ಗೆರೆ ಸರಿಮಾಡುತ್ತಲೇ ಇದ್ದ.

ನಾಗರತ್ನ ಮೇಡಂ ಬಂಡೀಪುರದ ದಾರಿಯ ರೆಸಾರ್ಟೊಂದರಲ್ಲಿ ಮ್ಯಾನೇಜರು. ಫೋನಿನಲ್ಲಿ ಒಂದು ಫೋಟೋ ತೋರಿಸಿ, ಬಾಟಲ್ ಗ್ರೀನ್ ಕ್ರೇಪ್ ಬಟ್ಟೆ ಕೊಟ್ಟು ಹೋಗಿದ್ದರು. ಶೀತ್ ಡ್ರೆಸ್ಸು: ತೋಳಿಲ್ಲದ, ಮೊಣಕಾಲು ಮುಟ್ಟುವ, ಕತ್ತಿಗೆ ಒರೆಯ ಹಾಗೆ ಮೈಗೆ ಕೂರುವ ಉಡುಪು; ಒಳಗೆಲ್ಲ ಲೈನಿಂಗು, ಬೆನ್ನಿಗೆ ಜಿಪ್ಪು. ಆಗ ಭಾನು ಬಸುರಿ. ಅವಸರವಿಲ್ಲ, ಹೆರಿಗೆಯಾದ ಮೇಲೆ ಹೊಲಿ ಎಂದಿದ್ದರು. ಭಾನು ಲೈನಿಂಗನ್ನು ಮಾತ್ರ ಆಗಲೇ ನೆನೆಸಿ ಒಣಗಿಸಿ ಇಟ್ಟಿದ್ದಳು. ಏಳನೇ ತಿಂಗಳಲ್ಲಿ ರಕ್ತ ಹೋಗಲು ಶುರುವಾಯಿತು. ಚಾಮರಾಜನಗರದ ಆಸ್ಪತ್ರೆಯಲ್ಲಿ ಹೆಣ್ಣುಮಗು ಉಸಿರಿಲ್ಲದೆ ಹುಟ್ಟಿತು. ಭಾನು ಕಣ್ಣು ಬಿಡುವ ಹೊತ್ತಿಗೆ ಮಗುವಿನ ಮಣ್ಣಿನ ಕೆಲಸವೆಲ್ಲ ಮುಗಿದುಹೋಗಿತ್ತು. ನೀವು ಮುಖ ನೋಡಿದಿರಾ, ಎಲ್ಲಿಟ್ಟಿರಿ ಎಂದು ಗಂಡನನ್ನು ಕೇಳಿದಳು. ಅವನು ಗೋಡೆ ನೋಡಿಕೊಂಡು ಒಂದೇ ಮಾತು ಹೇಳಿದ:

"ಆಯ್ತು ಬುಡು, ಭಾನು."

ಬಸ್ಸು ತಪ್ಪಿದಾಗ ಅನ್ನುವ ಮಾತು ಅದು. ಹಾಲು ಒಡೆದಾಗ ಅನ್ನುವ ಮಾತು. ಅವಳು ಅದನ್ನು ನುಂಗಿಕೊಂಡು ಮನೆಗೆ ಬಂದಳು. ಅಂದಿನಿಂದ ಇಬ್ಬರ ನಡುವೆ ಊಟ, ಉಪ್ಪು, ಕರೆಂಟು, ಇಷ್ಟರ ಮಾತು ಬಿಟ್ಟರೆ ಬೇರೆ ಮಾತಿಲ್ಲ. ಇವನಿಗೆ ಮಗು ಬೇಕಾಗಿಯೇ ಇರಲಿಲ್ಲ ಎಂದು ಅವಳು ತೀರ್ಮಾನಿಸಿಬಿಟ್ಟಿದ್ದಳು. ಅವಳ ಹೊಟ್ಟೆಯಲ್ಲಿ ಹುಟ್ಟಿದ್ದನ್ನು ತನ್ನದೆನ್ನಲು ಕುದೇರಿನ ಪುಟ್ಟಬಸಪ್ಪನ ಮಗನಾದ ಇವನಿಗೆ ಒಳಗೊಳಗೇ ನಾಚಿಕೆ ಎಂದುಕೊಂಡಿದ್ದಳು.

ಹಾಗೆಂದುಕೊಳ್ಳಲು ಕಾರಣವಿತ್ತು. ಅವನದು ಕೊರಳಲ್ಲಿ ಲಿಂಗ ಕಟ್ಟಿದವರ, ಗದ್ದೆತೋಟವುಳ್ಳವರ ಮನೆ. ಅವಳದು ಊರಾಚೆಯ ಕೇರಿ. ಅಪ್ಪ ರಾಜಣ್ಣ ಅಂಥವರ ಗದ್ದೆಯಲ್ಲೇ ಕೂಲಿಗೆ ಹೋಗುವವನು. ಮದುವೆಯಾದ ದಿನದಿಂದ ಪುಟ್ಟಬಸಪ್ಪ ಮಗನಿಗೆ ಬಾಗಿಲು ಹಾಕಿಬಿಟ್ಟಿದ್ದ.

ಆದರೂ ಒಂದು ಕಾಲದಲ್ಲಿ ಈ ಗಂಡಸಿಗೆ ಎಷ್ಟು ಮಾತು ಬರುತ್ತಿತ್ತು! ಚಾಮರಾಜನಗರದ ಹೊರವಲಯದ ಗಾರ್ಮೆಂಟ್ಸಿನಲ್ಲಿ ಇಬ್ಬರೂ ಕೆಲಸಕ್ಕಿದ್ದರು. ಅಲ್ಲಿ ಹೊಲಿಯುತ್ತಿದ್ದದ್ದೂ ಇಂಥದೇ ಡ್ರೆಸ್ಸು, ಯಾವುದೋ ತಣ್ಣನೆಯ ದೇಶದವರಿಗೆ. ಹೊಲಿಗೆ ಲೈನಿನ ಹೆಂಗಸರೆಲ್ಲ ಅದನ್ನು ಶೀತದ ಡ್ರೆಸ್ಸು ಎಂದೇ ಕರೆಯುತ್ತಿದ್ದರು. ಹಾಕಿಕೊಂಡರೆ ನೆಗಡಿ ಗ್ಯಾರಂಟಿ ಎಂದು ನಗುತ್ತಿದ್ದರು. ಭಾನುವಿನ ಕೆಲಸ ಜಿಪ್ ಕೂರಿಸುವುದು, ಅದೊಂದೇ. ಬೆನ್ನಿನ ತುಂಡುಗಳು ಅವಳ ಮುಂದೆ ಬರುತ್ತಿದ್ದವು, ಜಿಪ್ ಹಾಕಿಸಿಕೊಂಡು ಮುಂದೆ ಹೋಗುತ್ತಿದ್ದವು. ಪ್ರಸಾದ ಕೊನೆಯಲ್ಲಿ, ಇಸ್ತ್ರಿ ಸೆಕ್ಷನ್ನಿನಲ್ಲಿ. ಅವನ ಕೈಗೆ ಬರುತ್ತಿದ್ದದ್ದು ಪೂರ್ತಿ ತಯಾರಾದ ಉಡುಪು; ತಪ್ಪು ಕಂಡರೆ ಸ್ಟಿಕ್ಕರ್ ಅಂಟಿಸಿ ವಾಪಸ್ ಕಳಿಸುವವನೂ ಅವನೇ.

ಒಂದು ವಾರ ಅವಳ ಪೀಸುಗಳೇ ವಾಪಸ್ ಬರತೊಡಗಿದವು, ಜಿಪ್ಪಿನ ಮೇಲೆ ತಪ್ಪು ತೋರಿಸುವ ಕೆಂಪು ಸ್ಟಿಕ್ಕರ್ ಅಂಟಿಸಿಕೊಂಡು. ಎಷ್ಟು ಹುಡುಕಿದರೂ ತಪ್ಪು ಕಾಣದು. ಸೂಪರ್‌ವೈಸರ್ ಕೈಲಿ ಬೈಸಿಕೊಂಡು ಬೈಸಿಕೊಂಡು ರೇಗಿಹೋಗಿ, ಊಟದ ಬೆಲ್ಲಿಗೆ ನೇರ ಇಸ್ತ್ರಿ ಟೇಬಲ್ಲಿಗೆ ಹೋಗಿ ಪೀಸನ್ನು ಅವನ ಮುಂದೆ ಬಡಿದಳು.

"ಡಿಫೆಕ್ಟ್ ಎಲ್ಲಿ ಅದೆ, ತೋರ್ಸಿ."

ಅವನು ಬಟ್ಟೆಯ ಕಡೆ ನೋಡಲೇ ಇಲ್ಲ. ಅವಳ ಹಣೆಯ ಬೆವರು, ಕಿವಿಯ ಹಿಂದೆ ಸಿಕ್ಕಿಸಿದ್ದ ದಾರದ ತುಂಡು, ಕೋಪಕ್ಕೆ ಅದುರುತ್ತಿದ್ದ ಮೂಗಿನ ತುದಿ, ಒಂದೊಂದಾಗಿ ನೋಡಿ ಮುಗಿಸಿ ಹೇಳಿದ:

"ಡಿಫೆಕ್ಟ್ ಬಟ್ಟೇಲಿಲ್ಲ ಕಣ್ರೀ, ನನ್ನ ಕಣ್ಣಲ್ಲಿ ಅದೆ. ಬಂದ್ರಲ್ಲ, ಸಾಕು."

ಅಷ್ಟು ಹಬೆಯ ನಡುವೆ ನಿಂತವನಿಗೆ ಇಷ್ಟು ತಣ್ಣಗೆ ಮಾತಾಡಲು ಹೇಗಾಯಿತೋ. ಅವಳು ನಗಬಾರದೆಂದು ತುಟಿ ಕಚ್ಚಿಕೊಂಡಳು, ಆದರೂ ನಕ್ಕಳು. ಆಮೇಲಿನದೆಲ್ಲ ಆ ನಗುವಿನ ಫಲ.

ಫ್ಯಾಕ್ಟರಿ ಬಾಗಿಲು ಹಾಕಿದ ಮೇಲೆ ಇಬ್ಬರೂ ಗುಂಡ್ಲುಪೇಟೆ ಸೇರಿದ್ದರು. ಅವನು ಜಗಲಿಯಲ್ಲಿ ಇಸ್ತ್ರಿ ಇಟ್ಟ, ಅವಳು ಬ್ಲೌಸ್ ಹೊಲಿಯಲು ಕಲಿತಳು. ಇಡೀ ಶೀತ್ ಡ್ರೆಸ್ ಹೊಲಿಯುವುದು ಇದೇ ಮೊದಲು.

ಎಷ್ಟು ಹುಡುಕಿದರೂ ಕಾಣೆಯಾದ ಮಲ್ ಬಟ್ಟೆ ಸಿಗಲಿಲ್ಲ. ಮಧ್ಯಾಹ್ನ ಪ್ರಸಾದ ಪೇಟೆಗೆ ಹೋಗಿ, ಹಸಿರು ಬಣ್ಣದ ಹೊಳೆಯುವ ಲೈನಿಂಗ್ ತಂದು ಮೆಷಿನ್ನಿನ ಮೇಲಿಟ್ಟ. ಮುಟ್ಟಿದರೆ ಜಾರುವ, ಮೈಗೆ ಹತ್ತಿದರೆ ಬೆವರು ಕಿತ್ತುಬರುವ ಬಟ್ಟೆ. ನನ್ನನ್ನು ಕಳಿಸಲು ಎಷ್ಟು ಅವಸರ ಎಂದುಕೊಂಡಳು ಭಾನು. ಮಾತಾಡದೆ ಕತ್ತರಿ ಹಿಡಿದಳು.

ಅವಳು ಒಂದೊಂದು ಹೊಲಿಗೆ ಹಾಕಿದಂತೆಲ್ಲ ಅವನು ಬಂದು ತೆಗೆದುಕೊಂಡು ಹೋಗಿ, ಹೊಲಿಗೆಯ ಅಂಚುಗಳನ್ನು ಅಗಲಿಸಿ ಇಸ್ತ್ರಿ ಮಾಡಿ ತಂದಿಡುತ್ತಿದ್ದ. ಕೊಡುವಾಗ ಬೆರಳಿಗೆ ಬೆರಳು ತಾಗುತ್ತಿತ್ತು. ಅವನ ಬೆರಳು ಬಿಸಿ, ಅವಳದು ತಣ್ಣಗೆ. ಮೊದಲಾಗಿದ್ದರೆ ಆ ತಾಗಿದ್ದಕ್ಕೇ ಒಂದು ತಮಾಷೆಯ ಮಾತು ಬರುತ್ತಿತ್ತು. ಈಗ ಇಬ್ಬರೂ ಬೆಂಕಿ ಮುಟ್ಟಿದವರ ಹಾಗೆ ಕೈ ಎಳೆದುಕೊಳ್ಳುತ್ತಿದ್ದರು. ಅವನು ಬೆನ್ನು ತಿರುಗಿಸಿದಾಗ ಅವಳು ನೋಡುತ್ತಿದ್ದಳು. ಎಷ್ಟು ಸೊರಗಿದ್ದಾನೆ, ಕುತ್ತಿಗೆಯ ಮೂಳೆ ಎದ್ದು ಕಾಣುತ್ತಿದೆ ಎಂದುಕೊಳ್ಳುತ್ತಿದ್ದಳು. ತಾನು ಬಿಟ್ಟು ಹೋಗಬೇಕೆಂದಿರುವ ಗಂಡಸಿನ ಮೇಲೆ ಇಷ್ಟು ಮರುಕ ಯಾಕೆ ಎಂದು ತನ್ನ ಮೇಲೇ ಸಿಟ್ಟು ಬರುತ್ತಿತ್ತು.

ಮಾರನೆಯ ದಿನ ಎಲ್ಲ ಕೂಡಿಸಿಯಾಯಿತು. ತನಗೆ ಚೆನ್ನಾಗಿ ಬರುವ ಕೆಲಸವೆಂದು ಭಾನು ಮೊದಲು ಬೆನ್ನು ಕೂಡಿಸಿ ಜಿಪ್ ಹಾಕಿದ್ದಳು. ಆಮೇಲೆ ಪಕ್ಕಗಳು, ಭುಜಗಳು. ಕಡೆಗೆ ಮೇಲ್ಬಟ್ಟೆಗೂ ಲೈನಿಂಗಿಗೂ ಕೊರಳು ಸುತ್ತ, ಎರಡೂ ಕಂಕುಳು ಸುತ್ತ ಸೇರಿಸಿ ಹೊಲಿದಳು. ಇನ್ನು ಒಳಗಿನದನ್ನು ಹೊರಗೆ ತಿರುಗಿಸಿದರೆ ಡ್ರೆಸ್ಸು. ತಿರುಗಿಸಲು ಹೋದಳು, ತಿರುಗಲಿಲ್ಲ. ಕೆಳಗಿನಿಂದ ಎಳೆದಳು, ಕೊರಳಿನಿಂದ ಎಳೆದಳು. ಬಟ್ಟೆ ಮುದ್ದೆಯಾಗಿ ಭುಜದಲ್ಲಿ ಸಿಕ್ಕಿಕೊಂಡಿತು.

ಪ್ರಸಾದ ಬಂದು ಕೈಹಾಕಿದ. ಕೆಳಗಿನಿಂದ ತೂರಿಸಿದ ಅವನ ಕೈ ಎಲ್ಲೂ ದಾರಿ ಸಿಗದೆ ಒಳಗೇ ಉಳಿಯಿತು. ತಯಾರಾದ ಉಡುಪು ಹೇಗಿರುತ್ತದೆಂದು ಅವನಿಗೆ ಗೊತ್ತು, ಜಿಪ್ ಹೇಗೆ ಕೂರುತ್ತದೆಂದು ಅವಳಿಗೆ ಗೊತ್ತು. ನಡುವೆ ಏನನ್ನು ಮೊದಲು ಹೊಲಿಯಬೇಕು, ಏನನ್ನು ಆಮೇಲೆ ಎಂಬುದು ಇಬ್ಬರಿಗೂ ಗೊತ್ತಿಲ್ಲ. ಫ್ಯಾಕ್ಟರಿಯಲ್ಲಿ ಆ ನಡುವಿನ ಕೆಲಸಕ್ಕೆಲ್ಲ ಬೇರೆ ಬೇರೆ ಜನ ಇದ್ದರು. ಅವನು ಹಸಿರು ಮುದ್ದೆಯನ್ನು ಎತ್ತಿ ಹಿಡಿದು ನೋಡಿದ.

"ಜಿಪ್ ಮಾತ್ರ ಸೂಪರಾಗಿ ಕೂತದೆ ಕಣಮ್ಮಿ," ಎಂದ.

ಭಾನುವಿಗೆ ನಗು ಬಂತು. ತಡೆಯಲಾರದೆ, ಹೊಟ್ಟೆ ಹಿಡಿದುಕೊಂಡು ನಕ್ಕಳು. ಅವನೂ ನಕ್ಕ, ಕೈ ಇನ್ನೂ ಡ್ರೆಸ್ಸಿನೊಳಗೇ ಇತ್ತು. ಮಗು ಹೋದ ಮೇಲೆ ಆ ಮನೆಯಲ್ಲಿ ಅದೇ ಮೊದಲ ನಗು. ಹಿಡಿದುಕೊಂಡಿದ್ದ ಹೊಟ್ಟೆ ಖಾಲಿಯೆಂಬುದು ಕೈಗೆ ತಿಳಿಯಿತೋ ಏನೋ, ನಗು ಅಲ್ಲಿಗೇ ನಿಂತಿತು. ಅವಳು ಹಾಗೇ ನೆಲಕ್ಕೆ ಕುಳಿತು ಅವನ ಮುಖ ನೋಡಿದಳು.

"ಆ ಬಿಳೀ ಬಟ್ಟೆ ಯಾರ್ಗೆ ಕೊಟ್ರಿ, ನಿಜ ಯೋಳಿ. ಬುಟ್ಟು ಓಗೋಳ್ಗೆ ಸುಳ್ಳು ಯೋಳಿ ಏನಾಗಬೇಕು?"

ಪ್ರಸಾದ ಕೈ ಬಿಡಿಸಿಕೊಂಡ. ಡ್ರೆಸ್ಸನ್ನು ಮಡಿಸಿಟ್ಟ. ಆಮೇಲೆ ಹೇಳಿದ:

"ಪಾಪುಗೆ."

ಪ್ರಸಾದ ಮಡಿಸಿಟ್ಟ ಡ್ರೆಸ್ಸನ್ನು ನೀವುತ್ತ ಮುಂದುವರಿಸಿದ.

"ಅವತ್ತು ಆಸ್ಪತ್ರೆಗೆ ಓಗೋ ಅವಸರಕ್ಕೆ ಮೆಷಿನ್ ಪಕ್ಕ ಇದ್ದದ್ನೆಲ್ಲ ಬ್ಯಾಗಿಗೆ ತುಂಬ್ಕೊಂಡ್ ಬಂದಿದ್ದೆ. ನರ್ಸಮ್ಮ ಸುತ್ತಕ್ಕೆ ಬಟ್ಟೆ ಕೊಡಿ ಅಂದ್ರು. ನಿನ್ನ ಹಳೇ ಸೀರೆ ಪೂರ್ತಿ ರಕ್ತ ಆಗ್ಬುಟ್ಟಿತ್ತು. ಇದೊಂದು ಬೆಳ್ಳಗಿತ್ತು. ಮೇಲ್ಬಟ್ಟೆ ನೋಡೋರ್ಗೆ, ಲೈನಿಂಗು ಮೈಗೆ ಅಂತ ನೀನೇ ಯೋಳ್ತಿದ್ದಲ್ಲ. ಅವಳ್ನ ನೋಡೋರು ಯಾರಿದ್ರು? ಮೈಗೆ ಮೆತ್ತಗಿರ್ಲಿ ಅಂತ ಅದ್ರಲ್ಲೇ ಸುತ್ತಿದೆ."

ಆಮೇಲೆ ಎಲ್ಲವೂ ಬಂತು, ತಡೆತಡೆದು. ಮುಖ ನೋಡಿದ್ದ. ತಲೆತುಂಬ ಕೂದಲಿತ್ತು, ಗಲ್ಲ ಥೇಟ್ ಭಾನುವಿನದು. ಆಟೋದಲ್ಲಿ ಮಡಿಲಲ್ಲಿಟ್ಟುಕೊಂಡು ಕುದೇರಿಗೆ ಹೋಗಿದ್ದ. ತಮ್ಮ ಮನೆತನದವರನ್ನು ಮಣ್ಣು ಮಾಡುವ ತೋಟದ ಅಂಚಿನಲ್ಲಿ ಮಗುವಿಗೂ ಒಂದು ಮೂಲೆ ಸಿಗಲಿ ಎಂದು. ಪುಟ್ಟಬಸಪ್ಪ ಬದುವಿನ ಮೇಲೆ ಅಡ್ಡ ನಿಂತು, ನೀನು ಹೋದದ್ದು ಹೋದೆ, ಅದನ್ನು ಇಲ್ಲಿಗೆ ತರಬೇಡ ಎಂದ. ಬಟ್ಟೆ ಸರಿಸಿ ಮುಖ ಕೂಡ ನೋಡಲಿಲ್ಲ. ಬಿಸಿಲಲ್ಲಿ ಮಗು ಎತ್ತಿಕೊಂಡು ನಿಂತ ಪ್ರಸಾದ ರಾಜಣ್ಣನಿಗೆ ಫೋನ್ ಮಾಡಿದ. ಮಾವ ಬಂದು ಇಬ್ಬರನ್ನೂ ಉಮ್ಮತ್ತೂರಿಗೆ ಕರೆದುಕೊಂಡು ಹೋದ. ಅಲ್ಲಿ, ಭಾನುವಿನ ಅಜ್ಜಿ ಮಾದಮ್ಮನ ಮಗ್ಗುಲಲ್ಲಿ ಮಲಗಿಸಿದರು. ಭಾನುವಿಗೆ ಹೇಳಬೇಡಿ ಎಂದು ಮಾವನ ಕೈಹಿಡಿದು ಬೇಡಿಕೊಂಡವನು ಇವನೇ. ಬಸುರಿಯಿದ್ದಷ್ಟು ದಿನವೂ, ಮಗು ಹುಟ್ಟಲಿ, ನನ್ನಪ್ಪ ತಾನಾಗಿ ನೋಡಲು ಬರುತ್ತಾನೆ ಎಂದು ಅವಳನ್ನು ನಂಬಿಸಿದ್ದವನೂ ಇವನೇ. ಸತ್ತ ಕೂಸನ್ನೂ ಹೊರಗೆ ನಿಲ್ಲಿಸಿದರು ಎಂದು ಯಾವ ಬಾಯಲ್ಲಿ ಹೇಳುವುದು?

ಭಾನು ಅಳಲಿಲ್ಲ. ಎದ್ದು ಹೋಗಿ ಅವನ ಅಂಗಿಯ ಎದೆ ಹಿಡಿದು ಅಲುಗಿಸಿದಳು.

"ನೀವೊಬ್ರೇ ಎಂಗೆ ಇಟ್ಕಂಡ್ರಿ ಇಷ್ಟನ್ನೂ? ನಾ ಅವಳ ಎತ್ತವ್ವ ಅಲ್ವಾ? ನನ್ನ ಪಾಲಿನ ದುಃಖ ನಂಗೆ ಕೊಡಬೇಕಿತ್ತು."

ಅವಳ ಕೋಪ ಅಷ್ಟು ಬೇಗ ಇಳಿಯುವಂಥದ್ದಲ್ಲ. ಪುಟ್ಟಬಸಪ್ಪನ ಮೇಲೆ, ಬಾಯಿ ಮುಚ್ಚಿಕೊಂಡಿದ್ದ ತನ್ನಪ್ಪನ ಮೇಲೆ, ಎಲ್ಲಕ್ಕಿಂತ ಹೆಚ್ಚಾಗಿ ಎದುರಿಗಿದ್ದ ಇವನ ಮೇಲೆ ಅದು ಕುದಿಯುತ್ತಿತ್ತು. ಆದರೆ ಕೈ ಅಂಗಿ ಬಿಡಲಿಲ್ಲ. ಸ್ವಲ್ಪ ಹೊತ್ತಿಗೆ ಹಣೆಯನ್ನು ಅದೇ ಎದೆಗೆ ಒತ್ತಿಕೊಂಡಳು. ಬೆಳಿಗ್ಗೆ ಕರೆದುಕೊಂಡು ಹೋಗಿ ತೋರಿಸಿ ಎಂದಳು.

ಬೆಳಿಗ್ಗೆ ಹೊರಡುವಾಗ ಅವನು ಅವಳ ಸೀರೆಗಳನ್ನೆಲ್ಲ ಬ್ಯಾಗಿಗೆ ತುಂಬಿದ. ಉಮ್ಮತ್ತೂರಿಗೆ ಎಂದರೆ ಅವ್ವನ ಮನೆಗೆ. ಹೋದವಳು ಬರುವುದಿಲ್ಲ ಎಂದು ಹೇಳಿಯಾಗಿದೆ. ಭಾನು ಅದನ್ನು ನೋಡಿ, ಚಪ್ಪಲಿ ಮೆಟ್ಟಿ ಹೊರಗೆ ಬಂದಳು. ದಾರಿಯುದ್ದಕ್ಕೂ ಬ್ಯಾಗು ಅವನ ತೊಡೆಯ ಮೇಲಿತ್ತು.

ಜಾಲಿ ಮರದಾಚೆ ಮಾದಮ್ಮನ ಕಲ್ಲು. ಅದರ ಪಕ್ಕ ಮೊರದಷ್ಟು ಅಗಲದ ಮಣ್ಣು, ಮೇಲೆ ನಾಯಿ ಕೆದಕದಿರಲೆಂದು ರಾಜಣ್ಣ ಹೇರಿದ ಮುಳ್ಳು. ಭಾನು ಒಂದೊಂದೇ ಮುಳ್ಳು ತೆಗೆದು ಪಕ್ಕಕ್ಕಿಟ್ಟಳು. ಹೆಸರೇನಿಟ್ಟಿರಿ ಎಂದು ಕೇಳಿದಳು.

"ನಿನ್ನ ಕೇಳ್ದೆ ಎಂಗಿಡ್ಲಿ?" ಎಂದ ಪ್ರಸಾದ. "ಮಣ್ಣು ಹಾಕ್ವಾಗ ಮಾವ ಕೇಳುದ್ರು. ಅವಳವ್ವ ಇಡ್ತಾಳೆ ಅಂದೆ."

ಭಾನು ಮೊಣಕಾಲೂರಿ ಬಗ್ಗಿದಳು. ತೊಟ್ಟಿಲ ಮಗುವಿನ ಕಿವಿಯಲ್ಲಿ ಹೇಳುವ ಹಾಗೆ ಮಣ್ಣಿಗೆ ಬಾಯಿಟ್ಟು, ಮಾದೇವಿ ಎಂದಳು. ಕುದೇರಿನವರೂ ಉಮ್ಮತ್ತೂರಿನವರೂ ಬೆಟ್ಟದ ಮಾದಪ್ಪನಿಗೇ ಮುಡಿ ಕೊಡುವವರು. ಆ ಹೆಸರನ್ನು ಯಾರೂ ಬೇಡ ಅನ್ನುವಂತಿರಲಿಲ್ಲ. ನೀವೂ ಹೇಳಿ ಎಂದು ಅವನ ಕೈ ಎಳೆದಳು. ಅವನು ಬಗ್ಗಿ ಹೆಸರು ಹೇಳಲು ಹೋದ. ಅರ್ಧಕ್ಕೇ ನಿಲ್ಲಿಸಿ, ದೊಡ್ಡ ದನಿ ತೆಗೆದು ಅತ್ತ. ಅವನು ಅತ್ತದ್ದನ್ನು ಭಾನು ಅಂದೇ ಮೊದಲು ನೋಡಿದ್ದು. ಅವನ ಬೆನ್ನ ಮೇಲೆ ಕೈಯಿಟ್ಟುಕೊಂಡು ಅವಳೂ ಅತ್ತಳು. ಅವನನ್ನು ಸುಮ್ಮನಾಗಿಸಲು ಹೋಗಲಿಲ್ಲ.

ಅವ್ವ ಸುಂದ್ರಮ್ಮ ಇಬ್ಬರಿಗೂ ಮುದ್ದೆ ಇಕ್ಕಿದಳು. ಬಿಸಿಲು ಇಳಿಯುವ ಹೊತ್ತಿಗೆ ಪ್ರಸಾದ ಎದ್ದ. ಬ್ಯಾಗನ್ನು ಒಳಗಿನ ಗೋಡೆಗೆ ಒರಗಿಸಿಟ್ಟು, ಅತ್ತೆಗೆ ಬರುತ್ತೇನೆಂದು ಹೇಳಿ, ಭಾನುವಿನ ಮುಖ ನೋಡಲಾರದೆ ಬಸ್ಸಿನ ದಾರಿ ಹಿಡಿದ. ಹುಣಸೆಮರದ ತನಕ ಒಬ್ಬನೇ ಹೋಗಿದ್ದ. ಹಿಂದೆ ಚಪ್ಪಲಿಯ ಸದ್ದು ಕೇಳಿ ತಿರುಗಿದ. ಭಾನು ಬ್ಯಾಗು ಹೊತ್ತುಕೊಂಡು, ಏದುಸಿರು ಬಿಡುತ್ತ ಬರುತ್ತಿದ್ದಳು. ಹತ್ತಿರ ಬಂದು, ಭಾರವೆಂದು ಬ್ಯಾಗನ್ನು ಅವನ ಕೈಗೆ ಕೊಟ್ಟಳು.

"ಡ್ರೆಸ್ಸಿಂದು ಎಲ್ಲಾ ಒಲಿಗೇನೂ ಬಿಚ್ಚಬೇಕು, ಮೊದ್ಲಿಂದ ಒಲೀಬೇಕು," ಎಂದಳು. "ಒಬ್ಳ ಕೈಲಾಗಲ್ಲ. ಓಗನ ನಡೀರಿ."

ಹೋಗುತ್ತೇನೆ ಎಂದಿದ್ದವಳು ಈಗ ಓಗನ, ಇಬ್ಬರೂ ಹೋಗೋಣ, ಎಂದಳು. ಪ್ರಸಾದ ಬ್ಯಾಗನ್ನು ಹೆಗಲಿಗೇರಿಸಿಕೊಂಡ. ಬಸ್ಸು ಇನ್ನೂ ಬಂದಿರಲಿಲ್ಲ, ಇಬ್ಬರೂ ನಿಧಾನವಾಗಿಯೇ ನಡೆದರು.