ಹಿಂಬಾಗಿಲಿನ ಬಾಣ

"ರೀ, ನಿಲ್ಲಿಸ್ರೀ! ನಮ್ಮನೆಗೆ ಬೆನ್ನು ಹಾಕಿ ಬಾಣ ಬರೀತಿದ್ದೀರಲ್ಲ, ಕಣ್ಣು ಕಾಣ್ಸುತ್ತೋ ಇಲ್ವೋ?"

ಕಾಲುವೆಯ ಏರಿಯ ಮೇಲೆ ಕುಕ್ಕರಗಾಲಿನಲ್ಲಿ ಕೂತಿದ್ದವನು ತಲೆಯೆತ್ತಿದ. ಕೈಯಲ್ಲಿ ಹಳದಿ ಬಣ್ಣದ ಡಬ್ಬಿ. ಮೂಗಿನ ತುದಿಯಲ್ಲೂ ಹಳದಿ! ನೀರಿನ ಗಿರಣಿಯವರ ಮಗಳಿಗೆ ಕೋಪದಲ್ಲೂ ನಗು ಬಂತು... ನುಂಗಿಕೊಂಡಳು.

ಹಳೆಯ ಕಾವಲು ಗೋಪುರದಿಂದ ಕಲ್ಲು ಸೇತುವೆಯವರೆಗೆ, ಊರು ನೋಡಲು ಬರುವವರಿಗೆ ನಡೆಯುವ ದಾರಿ ತೋರಿಸಿ ಬಾಣ ಬರೆಯುವುದು ಅವನ ಕೆಲಸ. ಇಷ್ಟು ದಿನ ಆ ದಾರಿ ಗಿರಣಿಯ ಮುಂಬಾಗಿಲಲ್ಲೇ ಹಾದುಹೋಗುತ್ತಿತ್ತು. ಈಗ ಅವನ ಬಾಣ ಗಿರಣಿಯನ್ನು ಬಿಟ್ಟು ನೇರ ಸೇತುವೆಯ ಕಡೆ ತಿರುಗಿತ್ತು.

"ಈ ಏರಿ ಅಡಿಯಲ್ಲಿ ಮಣ್ಣು..." ಎಂದ ಅವನು.

"ಗಿರಣಿಯವರಿಗೇ ನೀರಿನ ಪಾಠ ಹೇಳ್ಬೇಡಿ!"

ಕೈಯಲ್ಲಿದ್ದ ಹಿಟ್ಟಿನ ಬಟ್ಟೆಯಿಂದ ಹಸಿ ಬಾಣವನ್ನು ಒರೆಸಿಯೇಬಿಟ್ಟಳು. ಅವನು ಡಬ್ಬಿ ಎತ್ತಿಕೊಂಡು ಹೋದ.

ಅವಳ ಸಂಕಟ ಅವಳಿಗೆ. ಅಮ್ಮ ಹೋದ ಮೇಲೆ ಅಪ್ಪನ ಮಾತು ಬತ್ತಿತ್ತು. ದಾರಿಹೋಕರು ಬಂದು, "ಅಜ್ಜಾ, ಈ ಚಕ್ರ ಯಾರ ಕಾಲದ್ದು?" ಎಂದಾಗ ಮಾತ್ರ ಆ ಮುಖ ಅರಳುತ್ತಿತ್ತು. ಅವರೂ ಬಾರದಿದ್ದರೆ? ಅಯ್ಯೋ... ಅಪ್ಪ ಪೂರ್ತಿ ಮೌನವಾಗಿಬಿಟ್ಟರೆ?

ಮರುದಿನ ಬೆಳಿಗ್ಗೆ ಅಪ್ಪ ಎಂದಿನಂತೆ ದಾರಿಹೋಕರಿಗೆ ಕಾಯಲು ಏರಿಯ ಮೇಲೆ ನಿಂತರು. ದೊಪ್ಪೆಂದು ಏರಿ ಕುಸಿಯಿತು!

"ಅಪ್ಪಾ!"

ಓಡಿ ಬಂದರೆ, ಎದೆಮಟ್ಟದ ನೀರಿನಲ್ಲಿ ಬಾಣದವನು ಅಪ್ಪನನ್ನು ಹೆಗಲಿಗೆ ಆನಿಸಿಕೊಂಡು ನಿಂತಿದ್ದ. ಅಳಿಸಿದ್ದನ್ನು ಮತ್ತೆ ಬರೆಯಲು ಬಂದಿದ್ದನಂತೆ.

"ಅಳಬೇಡ ಕಣೇ ಮಗಳೇ, ನಂಗೇನೂ ಆಗಿಲ್ಲ," ಅಪ್ಪ ಕೆಮ್ಮುತ್ತಲೇ ನಕ್ಕರು. "ಪಾಪ, ಇವನ ಬಣ್ಣದ ಡಬ್ಬಿ ತೇಲಿಹೋಯ್ತು ನೋಡು!"

ಗಿರಣಿಯ ಚಕ್ರ ಎರಚಿದ ನೀರೇ ವರ್ಷಗಟ್ಟಲೆ ಏರಿಯ ಬುಡವನ್ನು ಕೊರೆದಿತ್ತು. ಅವನು ಹೇಳಹೊರಟಿದ್ದು ಅದನ್ನೇ. ಅವಳು ಹೇಳಲು ಬಿಟ್ಟರೆ ತಾನೇ!

ಸಂಜೆ, ಅಪ್ಪ ಕಂಬಳಿ ಹೊದ್ದು ಮಲಗಿದ ಮೇಲೆ, ಅವಳು ಹಳದಿ ಬಾಣಗಳ ಹಿಂದೆ ಒಬ್ಬಳೇ ನಡೆದಳು. ಸೇತುವೆ ದಾಟಿದಳು. ಹಿಂದಿನವರು ಸುಂಕ ವಸೂಲಿ ಮಾಡುತ್ತಿದ್ದ ಕಟ್ಟೆ ಬಂತು. ತೂಬಿನ ಹಲಗೆಯ ಮೇಲೆ ಕಾಲುವೆಯ ಈಚೆಗೆ ಮರಳಿ ಬಂದಳು. ಆಮೇಲೆ ಒಂದು ಪರಿಚಿತ ಗೋಡೆ...

ತಮ್ಮದೇ ಗಿರಣಿ! ಕೊನೆಯ ಬಾಣ ಹಿಂಬಾಗಿಲಿನ ಮೆಟ್ಟಿಲ ಮೇಲಿತ್ತು. ಪಕ್ಕದಲ್ಲಿ ಕೂರಲು ಹೊಸದಾಗಿ ಹಾಕಿದ ಕಲ್ಲುಬೆಂಚೂ ಇತ್ತು. ಹೊಸ ಬಣ್ಣದ ಡಬ್ಬಿ ಪಕ್ಕಕ್ಕಿಟ್ಟು ಅವನು ಅಲ್ಲೇ ಕೂತು ಬ್ರಶ್ ತೊಳೆಯುತ್ತಿದ್ದ; ಮೂಗಿನ ಮೇಲೆ ಮತ್ತೆ ಹಳದಿ.

ಬೆನ್ನು ತಿರುಗಿಸಿದ್ದು ಬಾಣವಲ್ಲ, ನಾನು... ಎಂದುಕೊಳ್ಳುತ್ತಾ ಅವಳು ಬೆಂಚಿನ ಬಳಿ ಬಂದಳು.

"ಬೆಂಚು ಯಾಕೆ?"

"ಅಜ್ಜ ನಿಂತ್ಕೊಂಡೇ ಕಥೆ ಹೇಳ್ತಾರಲ್ಲ, ಕಾಲು ನೋಯಲ್ವಾ? ಎಷ್ಟು ಸಲ ಬಂದು ಕೇಳಿದ್ದೀನಿ, ಗೊತ್ತಾ?"

"ನಾನು ನೋಡೇ ಇಲ್ವಲ್ಲ!"

"ನೀವು ಹಿಟ್ಟಿನೊಳಗೆ ಮುಳುಗಿರ್ತಿದ್ರಿ. ನಾನು... ಕಥೆ ಕೇಳೋ ನೆಪದಲ್ಲಿ ನಿಮ್ಮನ್ನ ನೋಡ್ತಿದ್ದೆ."

ಅವಳ ಕಣ್ಣು ತುಂಬಿತು. "ಅಪ್ಪನ್ನ ಉಳಿಸಿಕೊಟ್ರಿ. ಈ ಋಣ ಹೇಗೆ ತೀರಿಸ್ಲಿ?"

"ಋಣ ಅನ್ಬೇಡಿ. ಆ ಬಾಗಿಲೊಂದು ತೆಗೀರಿ, ಸಾಕು."

ಅವಳು ತುಕ್ಕು ಹಿಡಿದ ಚಿಲಕ ಎಳೆದಳು. ಅಲುಗಲಿಲ್ಲ. ಅವನೂ ಕೈ ಹಾಕಿದ. ಬಾಗಿಲು ಕಿರುಗುಟ್ಟಿ ತೆರೆಯಿತು. ಒಳಗಿನಿಂದ ಅಪ್ಪನ ದನಿ:

"ಯಾರದು, ದಾರಿಹೋಕರಾ?"

ಅವಳು ಸೆರಗಿನ ತುದಿಯಿಂದ ಅವನ ಮೂಗಿನ ಹಳದಿ ಒರೆಸಿದಳು.

"ಅಲ್ಲಪ್ಪಾ... ನಮ್ಮೋರೇ."